ಎರವಲು ಹೋದ ಮನೆಹಾಡು

ಪುಷ್ಯ ಮುಗಿಯುತ್ತ ಬಂದಿತ್ತು. ಕಣದ ತುಂಬ ಮೆಣಸಿನಕಾಯಿ ಹರವಿದ್ದೆವು. ಬೆಳಗಿನ ಇಬ್ಬನಿ ಆರಿ, ತುಳಿದರೆ ಚರಚರ ಎನ್ನುವಷ್ಟು ಬಿಸಿಲು ಬಿದ್ದಿತ್ತು. ನಾವು ಹೆಂಗಸರು ತಾಡಪತ್ರಿಯ ಅಂಚಿಗೆ ಸಾಲಾಗಿ ಕುಳಿತು ತೊಟ್ಟು ಮುರಿಯುತ್ತಿದ್ದೆವು. ಎಲ್ಲರ ಬಾಯಿಗೂ ಸೆರಗು ಕಟ್ಟಿತ್ತು. ಹೊರಗಿನವರು ನೋಡಿದರೆ ಘಾಟಿಗೆ ಕಟ್ಟಿಕೊಂಡಿದ್ದಾರೆ ಎಂದುಕೊಳ್ಳುತ್ತಾರೆ. ಅದು ಅರ್ಧ ನಿಜ. ಇನ್ನರ್ಧ ಕಲ್ಲವ್ವನ ಸಲುವಾಗಿ. ತೊಟ್ಟು ಮುರಿಯುವ ಹಾಡು ಕಲ್ಲವ್ವನದು. ಅವಳೊಬ್ಬಳೇ ಸೆರಗು ಸರಿಸಿ ಹಾಡುತ್ತಿದ್ದಳು, ನಮ್ಮ ಬೆರಳುಗಳು ಹಾಡಿನ ಹಿಂದೆ ಓಡುತ್ತಿದ್ದವು. ಯಾರಾದರೂ ಮೈಮರೆತು ದನಿಗೂಡಿಸಿದರೆ ಹಾಡು ಕಲ್ಲವ್ವನ ಬಾಯಿಂದ ಎದ್ದು ಅವರ ಬಾಯಿಗೆ ಹೋಗಿ ಕೂರುತ್ತಿತ್ತು. ಆಮೇಲೆ ಅದರ ಒಂದು ಮಾತೂ ಕಲ್ಲವ್ವನಿಗೆ ನೆನಪಿರುತ್ತಿರಲಿಲ್ಲ. ನಮ್ಮೂರಿನವರಲ್ಲಿ ಒಂದು ಹಾಡು ಒಂದೇ ಬಾಯಲ್ಲಿರುತ್ತದೆ. ಹಿಂದಿನ ಸುಗ್ಗಿಯಲ್ಲಿ ಒಬ್ಬ ಹುಡುಗಿ ಹಾಗೆ ಗುನುಗಿಬಿಟ್ಟಿದ್ದಕ್ಕೆ, ಕಲ್ಲವ್ವ ಮಧ್ಯಾಹ್ನದವರೆಗೂ ಅವಳ ಎದುರಿಗೆ ಕುಳಿತು, ಅವಳಿಂದ ಹಾಡಿಸಿ, ಹಿಂದೆಯೇ ತಾನೂ ಹಾಡಿ, ತನ್ನದನ್ನು ವಾಪಸು ಪಡೆದುಕೊಂಡಿದ್ದಳು. ಅಷ್ಟು ಹೊತ್ತೂ ಒಂದು ಚೀಲವೂ ತುಂಬಿರಲಿಲ್ಲ.

ಅವತ್ತು ನನ್ನ ತಮ್ಮ ಮೈಲಾರಿ ಕಣಕ್ಕೆ ಬಂದ. ಮೈ ಇಳಿದಿತ್ತು. ಕೂದಲು ಭುಜಕ್ಕೆ ಬಂದಿತ್ತು. ಬೆನ್ನಿಗೆ ಗಿಟಾರಿನ ಕರಿಚೀಲ.

"ಫಕೀರವ್ವಾ, ಬಂದಾ ನೋಡಬೇ ನಿನ್ನ ತಮ್ಮ," ಎಂದು ಕಲ್ಲವ್ವ ಹಾಡು ನಿಲ್ಲಿಸಿ ನಕ್ಕಳು. "ತಲಿ ಮ್ಯಾಲ ಕಾಗಿ ಗೂಡು, ಬೆನ್ನ ಮ್ಯಾಲ ಹಲಗಿ. ಪ್ಯಾಟ್ಯಾಗ ಹೊಟ್ಟಿಗೆ ಹಾಕೂದಿಲ್ಲೇನೋ ನಿನಗ?"

"ಹಾಕ್ತಾರ ಚಿಗವ್ವ, ಮಂಡಕ್ಕಿ ಹಾಕ್ತಾರ," ಎಂದ ಅವನು. ನಗಲಿಲ್ಲ. ನನ್ನ ಕಡೆ ತಿರುಗಿ, "ಅಕ್ಕಾ, ಒಂದೀಟು ಈ ಕಡೆ ಬಾ," ಎಂದ.

ಅವನು ಏನು ಕೇಳಲು ಬಂದಿದ್ದ ಎನ್ನುವುದಕ್ಕೆ ಮೊದಲು ಅವನು ಹೇಗೆ ಅಲ್ಲಿಗೆ ಬಂದು ಮುಟ್ಟಿದ ಎನ್ನುವುದನ್ನು ಹೇಳಬೇಕು. ಮೈಲಾರಿಗೆ ಮೀಸೆ ಮೂಡುವ ಮುಂಚಿನಿಂದ ಒಂದೇ ಹುಚ್ಚು. ಸಂತೆಯ ಬ್ಯಾಂಡಿನವರಿಂದ ಹಳೆಯ ಎಲೆಕ್ಟ್ರಿಕ್ ಗಿಟಾರೊಂದನ್ನು ತಂದು, ಮಾಳಿಗೆಯ ಮೇಲೆ ಕುಳಿತು ತಾನೇ ಹಾಡು ಕಟ್ಟುತ್ತಿದ್ದ. ಕಟ್ಟಿದ್ದು ನಿಲ್ಲುತ್ತಿರಲಿಲ್ಲ. ಹೊಸ ಹಾಡು ಇನ್ನೂ ಹಸಿಯಿರುವಾಗಲೇ ಕೆಳಗೆ ಹಾದುಹೋಗುವವರು ಯಾರೋ ಗುನುಗುತ್ತಿದ್ದರು, ಹಾಡು ಅವರ ಜೊತೆಗೇ ಹೋಗುತ್ತಿತ್ತು. ಒಮ್ಮೆ ಹಾಲಿನ ಬೂದೆಪ್ಪ ಸೈಕಲ್ ತುಳಿಯುತ್ತ ಗುನುಗಿದ. ಮೈಲಾರಿ ಬರಿಗಾಲಲ್ಲಿ ಅವನ ಹಿಂದೆ ಓಡಿದ.

"ಲೇ ಬೂದೆಪ್ಪ, ನನ್ನ ಹಾಡು ಕೊಡಲೇ!"

"ನಾ ಕೇಳಿದ್ನೇನೋ ಮಾರಾಯ? ತಾನ ಬಂದು ಬಾಯಾಗ ಕುಂತೈತಿ. ಹಾಲು ಕಾಯ್ಸೂ ತನಕ ತಡಿ, ಕೊಡ್ತೀನಿ."

ಹಾಲು ಕಾಯುವಷ್ಟರಲ್ಲಿ ಬೂದೆಪ್ಪನ ಹೆಂಡತಿ ಗುನುಗಿ, ಅವಳಿಂದ ನೀರಿಗೆ ಬಂದ ಇನ್ನೊಬ್ಬಳು ಒಯ್ದು, ಸಂಜೆಗೆ ಆ ಹಾಡು ಯಾರ ಬಾಯಲ್ಲಿದೆ ಎನ್ನುವುದೇ ತಿಳಿಯಲಿಲ್ಲ. ಮೈಲಾರಿ ಮಾಳಿಗೆಯ ಮೇಲೆ ಬೋರಲು ಮಲಗಿದ್ದ. ಎರಡು ದಿನ ಅನ್ನ ಮುಟ್ಟಲಿಲ್ಲ.

ಆಮೇಲೆ ಅವನು ಊರಾಚೆಯ ಕೋಲ್ಡ್ ಸ್ಟೋರೇಜಿನಲ್ಲಿ ಕಾವಲಿಗೆ ಸೇರಿಕೊಂಡ. ಅದರ ಗೋಡೆ ದಪ್ಪ, ಒಳಗಿನ ಸದ್ದು ಹೊರಗೆ ಬರುವುದಿಲ್ಲ. ಮೆಣಸಿನಕಾಯಿ ಚೀಲಗಳನ್ನು ಸೂರಿನವರೆಗೆ ಒಟ್ಟಿದ ಕೋಣೆಯಲ್ಲಿ, ಕಂಬಳಿ ಹೊದ್ದು, ನಡುಗುತ್ತ, ಬಾಗಿಲು ಹಾಕಿಕೊಂಡು ಹಾಡುತ್ತಿದ್ದ. ಮನೆಗೆ ಬಂದರೆ ಕಣ್ಣು ಕೆಂಡ, ಗಂಟಲು ಹರಿದ ಗೋಣಿ. ಅವ್ವ ಬೆಣ್ಣೆ ನೆಕ್ಕಿಸುತ್ತಿದ್ದಳು, ಉಪ್ಪುನೀರು ಮುಕ್ಕಳಿಸಲು ಕೊಡುತ್ತಿದ್ದಳು. ವರ್ಷಗಟ್ಟಲೆ ಘಾಟು ಕುಡಿದು ಕುಡಿದು ಅವನ ದನಿ ಒಡೆದು ಬೇರೆಯೇ ಆಯಿತು. ಮದುವೆಗಳಲ್ಲಿ ಹಾಡುವ ಆರ್ಕೆಸ್ಟ್ರಾದವನು ಒಮ್ಮೆ ಕರೆಸಿ ಕೇಳಿ, "ತಮ್ಮಾ, ಈ ದನಿ ಮದುವಿ ಮನಿಗಲ್ಲ. ಹೊಲದಾಗ ಹಂದಿ ಓಡ್ಸಾಕ ಚಲೋ," ಎಂದು ಕಳಿಸಿದ್ದ.

ಅವನು ಪೇಟೆಗೆ ಹೋದ. ಅಲ್ಲಿ ಡ್ರಮ್ಸ್ ಬಾರಿಸುವ ಇಮ್ತಿಯಾಜ್ ಎಂಬ ಹುಡುಗ ಸಿಕ್ಕ. ಇಬ್ಬರೂ ಟಯರ್ ಅಂಗಡಿಯ ಮೇಲಿನ ಕೋಣೆಯಲ್ಲಿದ್ದರು. ಪೇಟೆಯವರ ರೀತಿ ಬೇರೆ. ಅಲ್ಲಿ ಒಂದು ಹಾಡನ್ನು ಸಾವಿರ ಜನ ಹಾಡಿದರೂ ಯಾರ ಬಾಯೂ ಬರಿದಾಗುವುದಿಲ್ಲ. ಅದನ್ನು ನೋಡಿ ಮೈಲಾರಿ ಮೊದಲ ದಿನ ಅತ್ತನಂತೆ. ಆದರೆ ಅವನ ಹಾಡುಗಳನ್ನು ಯಾರೂ ಹಾಡಲಿಲ್ಲ. ಕಾಲೇಜುಗಳಲ್ಲಿ, ಹೋಟೆಲುಗಳಲ್ಲಿ, ಗಣಪತಿ ಪೆಂಡಾಲುಗಳಲ್ಲಿ ನಿಂತು ಕಿರುಚಿದ. ಜನ ಕೇಳುತ್ತಿದ್ದರು, ಎದ್ದು ಹೋಗುವಾಗ ಮರೆಯುತ್ತಿದ್ದರು. ಕಾರ್ಯಕ್ರಮ ಮಾಡಿಸುವವನೊಬ್ಬ ಮುಖಕ್ಕೆ ಹೊಡೆದ ಹಾಗೆ ಹೇಳಿದ: ದನಿ ಇದೆ, ಹಾಡಿಲ್ಲ. ಯುಗಾದಿಯ ಮುಂಚೆ ಒಂದು ದೊಡ್ಡ ಮೈದಾನದಲ್ಲಿ ಒಂದೇ ಒಂದು ಅವಕಾಶ ಕೊಡುತ್ತೇನೆ, ಒಂದು ಒಳ್ಳೆಯ ಹಾಡು ತಾ, ಇಲ್ಲವಾದರೆ ಇನ್ನು ಈ ಕಡೆ ಬರಬೇಡ.

ಅದಕ್ಕೇ ಅವನು ಕಣಕ್ಕೆ ಬಂದಿದ್ದು.

"ಅಕ್ಕಾ, ಮನಿ ಹಾಡು ಎರವಲು ಕೊಡು."

"ಯಾರರ ಸತ್ತಾರೇನೋ?"

"ಯಾರೂ ಸತ್ತಿಲ್ಲ. ನಾನ ಸಾಯಾಕತ್ತೀನಿ."

ನಮ್ಮಲ್ಲಿ ಪ್ರತಿ ಮನೆಗೂ ಒಂದು ಹಾಡಿದೆ. ಸೊಸೆ ಒಳಗೆ ಬರುವಾಗ, ಕೂಸು ತೊಟ್ಟಿಲೇರುವಾಗ, ಹೆಣ ಎತ್ತುವಾಗ ಅದನ್ನು ಹಾಡುತ್ತಾರೆ. ಹಾಡದೆ ಹೆಣ ಎತ್ತುವ ಹಾಗಿಲ್ಲ. ಮನೆಹಾಡು ಕಳೆದುಕೊಂಡವರು ನೆರೆಮನೆಯದನ್ನು ಎರವಲು ತರುತ್ತಾರೆ. ಆದರೆ ಆ ಹಾಡಿನಲ್ಲಿ ಹೆಣವಾಗಿ ಹೋದವರು ನೆರೆಮನೆಯಿಂದಲೇ ಹೋದ ಲೆಕ್ಕ. ವರ್ಷದ ಎಡೆಯನ್ನೂ ಆ ನೆರೆಮನೆಯವರೇ ಇಡಬೇಕು. ಎರವಲು ಹಾಡಿನಲ್ಲಿ ಹೋದವಳು ಎನ್ನುವುದು ನಮ್ಮೂರಿನ ದೊಡ್ಡ ಬೈಗುಳ. ನಮ್ಮ ಮನೆಹಾಡನ್ನು ಅಪ್ಪ ಕಣ್ಣು ಮುಚ್ಚುವ ಮುಂಚೆ ನನ್ನ ಬಾಯಿಗೆ ಹಾಕಿದ್ದ. ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ನಾನು. "ಮನ್ಯಾಗ ಇರಾಕಿ ಆಕಿ. ಹಾಡೂ ಮನ್ಯಾಗ ಇರಲಿ," ಎಂದಿದ್ದ. ಅದು ಮೈಲಾರಿಯ ಹೊಟ್ಟೆಯಲ್ಲಿ ಉಳಿದಿತ್ತು.

"ಅವ್ವನ ಕೇಳು ಮೊದಲ," ಎಂದೆ.

"ಕೇಳಿದ್ರ ಕೊಡಸ್ತಾಳೇನು? ಒಂದ ಸಲ ಅಕ್ಕಾ. ಒಂದ ಮೈದಾನ. ಮುಗಿದ ಮರುದಿನ ಬಸ್ ಹತ್ತಿ ಬಂದು ನಿನ್ನ ಬಾಯಿಗೆ ಹಾಕಿ ಹೋಗ್ತೀನಿ. ಮಗಾ ಅನ್ನೂದು ಅಪ್ಪ ಮರೆತ. ನೀನೂ ತಮ್ಮ ಅನ್ನೂದು ಮರೀಬ್ಯಾಡ."

ಹಾಡು ಎರವಲು ಕೊಡುವಾಗ ಒಬ್ಬರು ಸಾಕ್ಷಿ ಇರಬೇಕು, ದೀಪ ಹಚ್ಚುವುದರೊಳಗೆ ತಿರುಗಿ ಬರಬೇಕು. ತಮ್ಮನಿಗೆ ಕೊಡಲು ಸಾಕ್ಷಿ ಯಾಕೆ ಎಂದುಕೊಂಡೆ. ಗೋದಾಮಿನ ಹಿಂದೆ, ಹಳೆಯ ಗೋಣಿಚೀಲಗಳ ನೆರಳಲ್ಲಿ ನಿಂತು ನಾನು ಹಾಡಿದೆ. ಅವನು ಹಿಂದೆಯೇ ಹಾಡಿದ. ಕೊನೆಯ ಸಾಲು ಅವನ ಬಾಯಿಗೆ ಹೋಗುತ್ತಲೇ ನನ್ನ ಬಾಯಿ ಬರಿದಾಯಿತು. ಹಲ್ಲು ಬಿದ್ದ ಜಾಗವನ್ನು ನಾಲಗೆ ತಡಕುವ ಹಾಗೆ ಎಷ್ಟೋ ದಿನ ತಡಕಿದೆ. ಹಾಡು ಹೇಗಿತ್ತು, ಎಲ್ಲಿ ಏರುತ್ತಿತ್ತು, ಯಾವ ಮಾತಿನಿಂದ ಸುರುವಾಗುತ್ತಿತ್ತು, ಏನೂ ಇರಲಿಲ್ಲ.

ಆ ಮೈದಾನದಲ್ಲಿ ಏನಾಯಿತೆಂದು ಆಮೇಲೆ ಊರಿಗೆಲ್ಲ ತಿಳಿಯಿತು. ಮೈಲಾರಿ ನಮ್ಮ ಮನೆಹಾಡನ್ನು ಹಾಡಿದ, ಜನ ಕುರ್ಚಿಯ ಮೇಲೆ ಹತ್ತಿ ನಿಂತರಂತೆ. ಹಂದಿ ಓಡಿಸುವ ದನಿ ಎಂದಿದ್ದರಲ್ಲ, ಅದನ್ನೇ ಪೇಟೆಯವರು ಬೆಂಕಿಯ ದನಿ ಎಂದರು. ಆ ಸುಗ್ಗಿ ಮುಗಿಯುವಷ್ಟರಲ್ಲಿ ಅವನು ಎಲ್ಲರ ಫೋನಿನಲ್ಲಿದ್ದ. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಅವನ ಮುಖ ಬಂತು, ಬಾಯಿ ತೆರೆದು, ಕಣ್ಣು ಮುಚ್ಚಿ. ಕಣದ ಹೆಂಗಸರು ಊಟದ ಹೊತ್ತಿಗೆ ಫೋನು ನಡುವೆ ಇಟ್ಟುಕೊಂಡು ಕೇಳುತ್ತಿದ್ದರು, ತುಟಿ ಬಿಗಿಹಿಡಿದು. ಯಂತ್ರದಿಂದ ಹಾಡು ಇಳಿಯುವುದಿಲ್ಲ, ಆದರೂ ಅಭ್ಯಾಸ. ನಾನು ಒಬ್ಬಳೇ ಇದ್ದಾಗ ಫೋನಿನ ಹಿಂದೆ ಹಾಡಿ ನೋಡಿದೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಮೊದಲನೆಯದು ಕೈಜಾರುತ್ತಿತ್ತು. ಜೀವವಿದ್ದ ಬಾಯಿಂದಲೇ ಬರಬೇಕು.

ಮರುದಿನ ಬರುತ್ತೇನೆಂದವನು ಬರಲಿಲ್ಲ. ಯುಗಾದಿಗೆ ಎಂದ. ಕಾರಹುಣ್ಣಿಮೆಗೆ ಎಂದ. ಅವ್ವನಿಗೆ ರೇಷ್ಮೆ ಸೀರೆ ಕಳಿಸಿದ, ಮನೆಗೆ ದೊಡ್ಡ ಟಿ.ವಿ. ಕಳಿಸಿದ. ಅವ್ವ ಅದನ್ನು ಬಟ್ಟೆ ಮುಚ್ಚಿ ಇಟ್ಟಳು, ಒಮ್ಮೆಯೂ ಹಚ್ಚಲಿಲ್ಲ. ಫೋನು ಮಾಡಿದರೆ ಹಿಂದೆ ಯಾವಾಗಲೂ ಗದ್ದಲ. "ಅಕ್ಕಾ, ಈ ತಿಂಗಳು ಆಗೂದಿಲ್ಲ. ಎಲ್ಲಾ ಕಡಿಗೂ ಅದನ್ನ ಕೇಳ್ತಾರ. ಬ್ಯಾರೇದು ಹಾಡಿದ್ರ ಬಾಟ್ಲಿ ಒಗೀತಾರ."

ಮತ್ತೆ ಚಳಿ ಬಂತು. ಅವ್ವ ಹಿತ್ತಲಲ್ಲಿ ಬಿದ್ದು ಸೊಂಟ ಮುರಿದುಕೊಂಡಳು. ಡಾಕ್ಟರು ನೋಡಿ, ಮನೆಯಲ್ಲೇ ಇಟ್ಟುಕೊಳ್ಳಿ ಎಂದರು. ಅದರ ಅರ್ಥ ಅವ್ವನಿಗೂ ಗೊತ್ತಾಯಿತು.

"ಹಾಡು ನಿನ್ನ ಬಾಯಾಗ ಐತಲ್ಲ?" ಎಂದು ಕೇಳಿದಳು ಒಂದು ಮಧ್ಯಾಹ್ನ.

ಇಲ್ಲ ಎಂದೆ. ಮೈಲಾರಿಯ ಹತ್ತಿರ ಇದೆ ಎಂದೆ. ಅವ್ವ ಬೈಯಲಿಲ್ಲ.

"ಅಂವನ ಬಾಯಾಗಿದ್ರೂ ನಮ್ಮ ಮನ್ಯಾಗ ಇದ್ದಂಗನ. ಆದ್ರ ಹೊತ್ತಿಗೆ ಬರ್ತಾನೇನ?"

ಬಾಗಿಲಲ್ಲಿ ನಿಂತಿದ್ದ ಕಲ್ಲವ್ವ, "ನಮ್ಮನಿದು ಐತಲ್ಲ ಯಕ್ಕಾ, ಯಾಕ ಚಿಂತಿ ಮಾಡ್ತಿ," ಎಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು.

"ನಿಮ್ಮನಿಗೆ ಬಂದಾಕಿ ಅಲ್ಲವ್ವ ನಾನು," ಎಂದಳು ಅವ್ವ. "ಈ ಹೊಸ್ತಿಲಾಗ ನಿಲ್ಲಿಸಿ ಹಾಡಿ ಒಳಗ ಕರಕೊಂಡಾರ. ಅದನ್ನ ಕೇಳಿ ಹೊರಗ ಹೋಗಬೇಕು."

ಮರುದಿನ ಅವ್ವನನ್ನು ಕಲ್ಲವ್ವನ ಕೈಗೆ ಒಪ್ಪಿಸಿ ನಾನು ಬಸ್ ಹತ್ತಿದೆ. ಪೇಟೆಯಲ್ಲಿ ಕೇಳಿ ಕೇಳಿ ಮೈದಾನ ಮುಟ್ಟುವಷ್ಟರಲ್ಲಿ ಹೊತ್ತು ಇಳಿಯುತ್ತಿತ್ತು. ಗೇಟಿನವನು ನನ್ನ ಸೀರೆ ನೋಡಿ, ಪಾತ್ರೆ ತೊಳೆಯುವವರು ಹಿಂದಿನ ಬಾಗಿಲಿಗೆ ಹೋಗಬೇಕು ಎಂದ. ಹಿಂದಿನ ಬಾಗಿಲಲ್ಲಿ ಇಮ್ತಿಯಾಜ್ ಕಂಡು, ಕಾಲಿಗೆರಗಿ, ಒಳಗೆ ಕರೆದುಕೊಂಡು ಹೋದ. ಮೈಲಾರಿ ಕನ್ನಡಿಯ ಮುಂದೆ ಕುಳಿತಿದ್ದ. ಅವನ ಕಣ್ಣಿಗೆ ಯಾರೋ ಕಾಡಿಗೆ ಹಚ್ಚುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತ. ಅವ್ವನ ಸುದ್ದಿ ಹೇಳಿದಾಗ ಕಾಡಿಗೆ ಹರಿಯಿತು.

"ಈಗ ಕೊಡು, ನಾ ರಾತ್ರಿ ಬಸ್ಸಿಗೆ ಹೋಗ್ತೀನಿ," ಎಂದೆ.

"ಹೊರಗ ನೋಡಕ್ಕಾ ಜನ. ಈಗ ಕೊಟ್ರ ನಾನೇನು ಹಾಡ್ಲಿ?"

"ಹಾಡಿದ ಮ್ಯಾಲ ಕೊಡು."

ಅವನು ಕುರ್ಚಿಯ ಮೇಲೆ ಕುಸಿದು ಹೇಳಿದ: "ಕೊಟ್ರ ನಾಳಿಗೆ ನಾ ಯಾರೂ ಅಲ್ಲ. ಅಕ್ಕಾ, ಇದನ್ನ ಬಿಟ್ಟು ನನ್ನ ಹತ್ರ ಏನೂ ಇಲ್ಲ. ಎಷ್ಟು ಕಟ್ಟಿದ್ರೂ ಒಂದೂ ನಿಲ್ಲವಲ್ಲದು. ಅವ್ವನ ಹೊತ್ತಿಗೆ ನಾನ ಬರ್ತೀನಿ, ನಾನ ಹಾಡ್ತೀನಿ. ಅಪ್ಪನ ಆಣಿ."

"ಹೆಣಾ ಹೊತ್ತು ಮುಣುಗೂದ್ರಾಗ ಎತ್ತಬೇಕು. ನೀ ಯಾವ ದೇಶದಾಗ ಇರ್ತಿಯೋ. ಆಕಿ ನಿನ್ನ ಡೇಟ್ ಕೇಳಿ ಸಾಯಬೇಕೇನು?"

ಯಾರೋ ಬಂದು ಹೊತ್ತಾಯಿತು ಎಂದರು. ಮೈಲಾರಿ ನನ್ನ ಕೈ ಹಿಡಿದು, ಬಿಟ್ಟು, ಗಿಟಾರು ಎತ್ತಿಕೊಂಡು ಹೋದ.

ನಾನು ಜನರ ನಡುವೆ ಹೋಗಿ ನಿಂತೆ. ಸೆರಗನ್ನು ಬಾಯಿಗೆ ಕಟ್ಟಿಕೊಂಡಿದ್ದೆ. ಅವನು ಬೇರೆ ಏನೇನೋ ಹಾಡಿದ, ಜನ ಕಾದರು. ಕೊನೆಗೆ ಇಮ್ತಿಯಾಜ್ ಡ್ರಮ್ಸ್ ಹೊಡೆಯತೊಡಗಿದ, ಮೈದಾನಕ್ಕೆ ಮೈದಾನವೇ ಕೂಗಿತು. ಮೈಲಾರಿ ಬಾಯಿ ತೆರೆದ. ಬರುವವರು ನಿಂತು ಬರ್ರಿ, ಹೋಗುವವರು ನಿಂತು ಹೋಗ್ರಿ, ನಡುವ ಹೊಸ್ತಿಲೈತಿ. ನಮ್ಮ ಮನೆಯ ಮಾತುಗಳು. ಸುತ್ತಲಿನ ಹುಡುಗ ಹುಡುಗಿಯರು ಎಗರೆಗರಿ ಹಾಡುತ್ತಿದ್ದರು, ಅವನಿಗೆ ಏನೂ ಆಗುತ್ತಿರಲಿಲ್ಲ. ಹಾಡು ವೇಗವಾಗಿತ್ತು, ನಡುನಡುವೆ ಹೇ ಹೇ ಎಂಬ ಕೂಗಿತ್ತು. ಅದೆಲ್ಲ ಬಾಜಾಬಜಂತ್ರಿಯ ಗದ್ದಲ, ಹೊಟ್ಟು ತೂರಿದರೆ ಕಾಳು ಉಳಿಯುವ ಹಾಗೆ ಒಳಗೆ ನಮ್ಮದೇ ಇದೆ ಎಂದುಕೊಂಡೆ.

ಪಕ್ಕದಲ್ಲಿದ್ದ ಹುಡುಗಿ ನನ್ನ ಭುಜ ತಟ್ಟಿದಳು. "ಆಂಟಿ, ಸುಮ್ನೆ ನಿಂತಿದ್ದೀರಲ್ಲ! ನೀವೂ ಹಾಡಿ!"

ನಾನು ಸೆರಗು ಬಿಚ್ಚಿದೆ.

ಅವನ ಜೊತೆ ಪೂರ್ತಿ ಹಾಡಿದೆ, ಮೊದಲಿಂದ ಕೊನೆಯವರೆಗೆ. ಒಂದೊಂದೇ ಸಾಲು ಬಂದು ನಾಲಗೆಯ ಮೇಲೆ ಕುಳಿತಿತು. ಎರಡನೆಯ ಸಲ ಮೊದಲಿನಿಂದ ಎತ್ತಬೇಕಾದಾಗ ಮೈಲಾರಿಯ ಬಾಯಿ ತೆರೆದದ್ದು ತೆರೆದೇ ಇತ್ತು. ಪೋಸ್ಟರಿನಲ್ಲಿದ್ದ ಹಾಗೆಯೇ, ಆದರೆ ಕಣ್ಣು ಬಿಟ್ಟಿದ್ದ. ಜನರ ಮೇಲೆ ಕಣ್ಣಾಡಿಸಿದ, ನನ್ನನ್ನು ಹುಡುಕುತ್ತಿದ್ದ. ಸಿಕ್ಕೆನೋ ಇಲ್ಲವೋ ತಿಳಿಯದು. ಜನ ನಿಲ್ಲಿಸಲಿಲ್ಲ. ಅವರಿಗೆಲ್ಲ ಹಾಡು ಬರುತ್ತಿತ್ತು. ಅವನು ಸ್ವಲ್ಪ ಹೊತ್ತು ಹಾಗೇ ನಿಂತು, ಆಮೇಲೆ ಮೈಕನ್ನು ಕೈಚಾಚಿ ಅವರ ಕಡೆ ಹಿಡಿದ. ಅವರು ಇನ್ನೂ ಜೋರಾಗಿ ಹಾಡಿದರು. ಇಷ್ಟು ಚೆಂದ ಯಾರೂ ಮಾಡಿಲ್ಲ ಎಂದು ಆ ಹುಡುಗಿ ಅಳುತ್ತಿದ್ದಳು. ಅವತ್ತಿನಿಂದ ಅವನು ಎಲ್ಲ ಕಡೆಯೂ ಹಾಗೇ ಮಾಡುತ್ತಾನಂತೆ. ಮೊದಲಿಗಿಂತ ದೊಡ್ಡ ಹೆಸರಾಗಿದೆ.

ಬೆಳಗ್ಗೆ ಮನೆ ಮುಟ್ಟಿದಾಗ ಅವ್ವ ಎಚ್ಚರವಿದ್ದಳು.

"ತಂದೆನವ್ವ," ಎಂದೆ.

"ಒಂದೀಟು ಹಾಡು. ಹೋಗೂ ಹೊತ್ತಿಗೆ ಕಿವಿ ಇರ್ತಾವೋ ಇಲ್ಲೋ."

ನಾನು ಬಾಗಿಲು ಮುಂದೆ ಮಾಡಿ, ಅವಳ ತಲೆದಿಂಬಿನ ಹತ್ತಿರ ಕುಳಿತು ಹಾಡಿದೆ. ಹಾಡು ಬಂತು. ಬಂದದ್ದು ಮೈದಾನದಲ್ಲಿ ಬಂದ ಹಾಗೆಯೇ. ನಿಧಾನ ಮಾಡಲು ನೋಡಿದೆ, ನಿಧಾನವಾದರೆ ಮುರಿದುಬೀಳುತ್ತಿತ್ತು. ಹೇ ಹೇ ಎನ್ನುವುದನ್ನು ಬಿಡಲು ನೋಡಿದೆ. ಅದನ್ನು ಬಿಟ್ಟರೆ ಮುಂದಿನ ಸಾಲು ಬರುತ್ತಿರಲಿಲ್ಲ. ನನ್ನ ಗಂಟಲಲ್ಲಿ ಅವನ ಒಡಕು ದನಿ ಕರಕರ ಎಂದಿತು. ಮೊದಲು ಹೀಗಿತ್ತೇ, ಹೀಗಿರಲಿಲ್ಲವೇ, ನನಗೇನು ಗೊತ್ತು. ಕೊಟ್ಟ ದಿನವೇ ಮರೆತಿದ್ದೆ. ಅವ್ವನ ಮುಖ ನೋಡುತ್ತ ಹಾಡಿದೆ.

ಮುಗಿದ ಮೇಲೆ ಅವ್ವ ಕೇಳಿದಳು, "ಯಾರ ಮನಿ ಹಾಡಬೇ ಇದು?"

"ನಮ್ದ ಅವ್ವಾ."

ಅವಳು ನನ್ನನ್ನು ನೋಡಿದಳು. ಬಹಳ ದೂರ ನಡೆದು ಬಂದವರನ್ನು ನೋಡುವ ಹಾಗೆ. ಕೈ ಎತ್ತಿ ನನ್ನ ಗಂಟಲು ಸವರಿದಳು. "ಬೆಣ್ಣಿ ಹಚ್ಕೊ," ಎಂದಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿದಳು. ಹಾಡಿನ ಮಾತು ಮತ್ತೆ ಎತ್ತಲಿಲ್ಲ.

ಅಮಾವಾಸ್ಯೆಯ ಹಿಂದಿನ ದಿನ, ಹೊತ್ತು ನೆತ್ತಿಗೆ ಬರುವ ಮುಂಚೆ ಹೋದಳು. ಕಲ್ಲವ್ವ ಬಂದು ನನ್ನ ಪಕ್ಕ ನಿಂತು, ಯಾರಿಗೂ ಕೇಳದ ಹಾಗೆ, "ನಮ್ಮನಿದು ಕೊಡ್ಲೇನವ್ವ?" ಎಂದಳು. ಬೇಡ ಎಂದೆ. ಮಧ್ಯಾಹ್ನ ಒಂದು ಕಾರು ಬಂತು. ಮೈಲಾರಿ ಇಳಿದ. ನಾನು ಫೋನು ಮಾಡಿದ್ದೆ, ಮೊದಲ ಸಲ ಹೇಳಿದ ಹೊತ್ತಿಗೆ ಬಂದಿದ್ದ. ಅವ್ವನ ಕಾಲು ಹಿಡಿದು ಅತ್ತು, ಎದ್ದು, ಸಿದಿಗೆಯ ಮುಂದಿನ ಕೊನೆಗೆ ಹೆಗಲು ಕೊಟ್ಟ. ತುಟಿ ಅಲುಗಿದರೆ ಹಾಡು ಮತ್ತೆ ತನ್ನ ಬಾಯಿಗೆ ಬಂದೀತೆಂದು ಟವೆಲಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡ.

ನಾನು ಹಾಡಿದೆ. ನಮ್ಮಲ್ಲಿ ಸಿದಿಗೆ ಹೊಸ್ತಿಲಲ್ಲಿ ಒಮ್ಮೆ ನಿಲ್ಲಬೇಕು, ಓಣಿಯ ತಿರುವಿನಲ್ಲಿ ನಿಲ್ಲಬೇಕು, ಬಾವಿಕಟ್ಟೆಯ ಹತ್ತಿರ ನಿಲ್ಲಬೇಕು. ಹೊತ್ತವರ ಕಾಲು ಹಾಡಿನ ಹಿಂದೆ ಹೋಗುತ್ತದೆ. ಈ ಹಾಡು ನಿಲ್ಲುವುದಕ್ಕೆ ಎಲ್ಲಿಯೂ ಜಾಗ ಬಿಡಲಿಲ್ಲ. ಅವರು ಹೊಸ್ತಿಲು ದಾಟಿದರು, ತಿರುವು ದಾಟಿದರು, ಬಾವಿ ದಾಟಿದರು. ಮೊದಲು ಬಿರುಸಾಗಿ ನಡೆದರು, ಆಮೇಲೆ ಓಡಿದರು. ಸಿದಿಗೆಯ ಮೇಲೆ ಅವ್ವನ ತಲೆ ಆ ಕಡೆ ಈ ಕಡೆ ಹೊರಳುತ್ತಿತ್ತು. ಮುದುಕರು ಹಿಂದೆ ಬಿದ್ದರು. ಕಲ್ಲವ್ವ ಏದುಸಿರು ಬಿಡುತ್ತ, "ಸಾವಕಾಶ, ಯವ್ವಾ ಸಾವಕಾಶ," ಎನ್ನುತ್ತಿದ್ದಳು. ಕಣದಲ್ಲಿದ್ದ ಹೆಂಗಸರು ಎದ್ದು ನಿಂತು ನೋಡಿದರು. ಹೇ ಹೇ ಎನ್ನುವಲ್ಲಿ ನಾನು ಹೇ ಹೇ ಎಂದೆ. ಅದಿಲ್ಲದೆ ಮುಂದಿನ ಸಾಲು ಬರುತ್ತಿರಲಿಲ್ಲ.

ಮಣ್ಣು ಕೊಟ್ಟು ಬಂದು ಎಲ್ಲರೂ ಕಾಲು ತೊಳೆದುಕೊಂಡು ಹೋದರು. ಮೈಲಾರಿ ಅಂಗಳದಲ್ಲೇ ನಿಂತಿದ್ದ, ಒಳಗೆ ಬರಲಿಲ್ಲ. ಎರವಲು ಹೋದ ಹಾಡು ತಿರುಗಿ ಬಂದಾಗ ಒಯ್ದವರು ಮುಟ್ಟಿತೇ ಎಂದು ಕೇಳಬೇಕು, ಕೊಟ್ಟವರು ಮುಟ್ಟಿತು ಅನ್ನಬೇಕು. ಅಷ್ಟಾಗದೆ ಒಯ್ದವರ ಬಾಯಲ್ಲಿ ಇನ್ನೊಂದು ಹಾಡು ಹುಟ್ಟುವುದಿಲ್ಲ. ಕಿತ್ತುಕೊಂಡದ್ದಕ್ಕೂ ಈ ಮಾತು ಬೇಕೇ ಎನ್ನುವುದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಿಂದೆ ಯಾರೂ ಹಾಗೆ ಕಿತ್ತುಕೊಂಡಿರಲಿಲ್ಲ.

"ಅಕ್ಕಾ," ಎಂದ. ಹಲ್ಲಲ್ಲಿ ಕಚ್ಚಿದ್ದ ಟವೆಲು ಇನ್ನೂ ಕೈಯಲ್ಲಿತ್ತು. "ಮುಟ್ಟಿತೇನು?"

ನಾನು ಕೊಟ್ಟದ್ದು ಏನು ಎಂಬುದು ನನಗೆ ನೆನಪಿಲ್ಲ. ಬಂದದ್ದು ಬಾಯಲ್ಲಿತ್ತು. ಅದು ಇದಲ್ಲ ಎಂದು ಹೇಳಬಲ್ಲವಳು ಒಬ್ಬಳೇ ಇದ್ದಳು, ಅವಳನ್ನು ಈಗಷ್ಟೇ ಮಣ್ಣಿಗಿಟ್ಟು ಬಂದಿದ್ದೆವು.

"ಮುಟ್ಟಿತು," ಎಂದೆ.

ಅವನು ತಲೆಯಾಡಿಸಿ, ಚಪ್ಪಲಿ ಮೆಟ್ಟಿಕೊಂಡು ಕಾರಿನ ಕಡೆ ನಡೆದ.